ಪುಕ್ಕಟೆ ಭಾವನೂ ಹದಿನಾಲ್ಕು ಅಳತೆ ಪುಸ್ತಕಗಳೂ

ಪುಕ್ಕಟೆಯಾಗಿ ಏನಾದರೂ ಕೊಡುತ್ತೇನೆಂದು ಬಂದವರನ್ನು ನಾನು ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡಿಸುವವಳು. ಒಮ್ಮೆ ಒಬ್ಬಾಕೆ ಎರಡು ಸೋಪು ಪುಕ್ಕಟೆ ಕೊಟ್ಟು ಹೋದಳು. ಮುಂದಿನ ವಾರ ಅದೇ ನಗುಮುಖ ಹೊತ್ತು ಬಂದವಳು ನೀರು ಶುದ್ಧ ಮಾಡುವ ಯಂತ್ರವೊಂದನ್ನು ನಮ್ಮ ತಲೆಗೆ ಕಟ್ಟಿಯೇ ಎದ್ದಳು. ಅಂದಿನಿಂದ ಸುಮ್ಮನೆ ನಗುವವರನ್ನು ಕಂಡರೆ ನನ್ನ ಕಿವಿ ನೆಟ್ಟಗಾಗುತ್ತದೆ. ಹಾಗಾಗಿ ನನ್ನ ಮಗಳ ಗಂಡನ ಅಣ್ಣ ನಮ್ಮ ಹೊಲಿಗೆ ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ಕೂತು, “ಇದಕ್ಕೆ ಯಾರಿಗೂ ಏನೂ ಕೊಡ್ಬೇಕಾಗಿಲ್ಲ ಅತ್ತೆ, ಇದು ಎಲ್ಲರದ್ದು” ಎಂದಾಗ ನಾನು ಮೊದಲು ನೋಡಿದ್ದು ಆತನ ಪ್ಯಾಂಟಿನ ಅಂಚನ್ನು. ದರ್ಜಿ ಮನೆಯವರ ಚಾಳಿ ಅದು. ಅಂಚು ಬಿಚ್ಚಿದ್ದನ್ನು ಆತನೇ ಕೈಯಲ್ಲಿ ಹೊಲಿದುಕೊಂಡಿದ್ದ. ಹೊಲಿಗೆ ಸೊಟ್ಟ, ಆದರೆ ಗಟ್ಟಿ. ದಾರ ಬೇರೆ ಬಣ್ಣದ್ದು. ಇಂಥವನನ್ನು ಏನೆಂದು ತಿಳಿಯಬೇಕೋ ನನಗೆ ಬಗೆಹರಿಯಲಿಲ್ಲ.

ಆತನ ಕಥೆಯನ್ನು ಬೇರೆ ಯಾರಾದರೂ ಇನ್ನೂ ಚೆನ್ನಾಗಿ ಬರೆದಾರು. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು. ಆದರೂ ನಾನೇ ಬರೆಯಬೇಕು. ಏಕೆಂದರೆ ಆತನ ಹೆಸರಿಗೆ ಮಸಿ ಬಳಿಯಲು ಹೊರಟವರಲ್ಲಿ ನಾನೇ ಮೊದಲಿಗಳು.

ನಮ್ಮದು ಮೂರು ಕೋಣೆಯ ಅಂಗಡಿ. ಎಡಕ್ಕೆ ಬೀಗದ ಕೈ ಮಾಡುವವನು, ಬಲಕ್ಕೆ ಬೇಕರಿ. ಮುಂದಿನ ಕೋಣೆಯಲ್ಲಿ ಗಿರಾಕಿ ನಿಲ್ಲುವ ಕನ್ನಡಿ, ನಡುವಿನದರಲ್ಲಿ ಬಟ್ಟೆ ಕತ್ತರಿಸುವ ಉದ್ದ ಮೇಜು, ಹಿಂದೆ ನಾಲ್ಕು ಮಿಷನ್ನು. ನಮ್ಮ ಯಜಮಾನರು ಟೇಪು ಹಿಡಿದು ಅಳತೆ ಕೂಗುತ್ತಿದ್ದರು, ನಾನು ಸ್ಟೂಲಿನ ಮೇಲೆ ಕೂತು ಪುಸ್ತಕದಲ್ಲಿ ಬರೆಯುತ್ತಿದ್ದೆ. ಬಟ್ಟೆ ಕತ್ತರಿಸುವಾಗ ಅವರ ಎರಡು ಕೈಗೂ ಬಿಡುವಿಲ್ಲದ್ದರಿಂದ ನಾನೇ ಪುಸ್ತಕ ನೋಡಿ ಗಟ್ಟಿಯಾಗಿ ಓದಬೇಕು. ಬರೆಯುವವಳೂ ನಾನೇ, ಓದುವವಳೂ ನಾನೇ. ನಲವತ್ತು ವರ್ಷದಲ್ಲಿ ಹದಿನಾಲ್ಕು ಪುಸ್ತಕ ತುಂಬಿದವು.

ಆ ಪುಸ್ತಕಗಳಲ್ಲಿ ಒಂದು ಗುಟ್ಟಿತ್ತು. ಮದುವೆಯಾದ ಹೊಸತರಲ್ಲಿ ಒಬ್ಬ ದಪ್ಪ ಟೀಚರಮ್ಮ ಕೋಟು ಹೊಲಿಸಲು ಬಂದಿದ್ದರು. ಯಜಮಾನರು ಸೊಂಟದ ಅಳತೆ ಕೂಗಿದರು. ಆಕೆ ನನ್ನ ಭುಜದ ಮೇಲಿಂದ ಪುಸ್ತಕಕ್ಕೆ ಇಣುಕಿದರು. ಮುಖ ಇಷ್ಟು ಸಣ್ಣದಾಯಿತು. ಮುಂಗಡವನ್ನೂ ಬಟ್ಟೆಯನ್ನೂ ವಾಪಸು ತೆಗೆದುಕೊಂಡು ಹೋದವರು ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಅವತ್ತೇ ಯಜಮಾನರು ಒಂದು ಏರ್ಪಾಟು ಮಾಡಿದರು. ಗಿರಾಕಿಯ ಮುಂದೆ ಅವರಿಗೆ ಹಿತವಾಗುವ ಅಂಕಿ ಕೂಗುವುದು. ಆಮೇಲೆ ಟೇಪಿನ ಹಿತ್ತಾಳೆ ತುದಿಯನ್ನು ಮೇಜಿಗೆ ಎಷ್ಟು ಸಲ ತಟ್ಟುತ್ತಾರೋ ಅಷ್ಟು ಚುಕ್ಕಿಯನ್ನು ನಾನು ಅಂಕಿಯ ಕೆಳಗೆ ಇಡುವುದು. ಒಂದು ಚುಕ್ಕಿಗೆ ಅರ್ಧ ಇಂಚು ಸೇರಿಸಿ ಓದಬೇಕು. ದಪ್ಪ ಗಂಡಸರಿಗೂ ಇದೇ, ತೆಳ್ಳಗಿನವರದ್ದು ಮಾತ್ರ ಇದರ ತಿರುಗುಮುರುಗು. ಒಣಕಲು ಆಸಾಮಿಗಳು ಟೇಪು ಕಂಡೊಡನೆ ಉಸಿರು ಬಿಗಿಹಿಡಿದು ಎದೆ ಉಬ್ಬಿಸುತ್ತಾರೆ. ಅಂಥವರಿಗೆ ಯಜಮಾನರು ಉಬ್ಬಿದ ಅಂಕಿಯನ್ನೇ ಜೋರಾಗಿ ಕೂಗಿ ಸಣ್ಣಗೆ ಕೆಮ್ಮುತ್ತಿದ್ದರು. ಕೆಮ್ಮಿದಷ್ಟು ಚುಕ್ಕಿ ಅಂಕಿಯ ಮೇಲೆ. ಅಷ್ಟು ಅರ್ಧ ಇಂಚು ಕಳೆದು ಓದಬೇಕು. ಅಂಚೆಯವನೊಬ್ಬ ಅವರ ಕೆಮ್ಮಿಗೆ ಮರುಗಿ ಔಷಧಿ ಸೀಸೆ ತಂದುಕೊಟ್ಟಿದ್ದ.

ಈ ಚುಕ್ಕಿ ವಿಷಯ ನನಗೂ ಅವರಿಗೂ ಬಿಟ್ಟರೆ ಗೋಡೆಗೂ ಗೊತ್ತಿರಲಿಲ್ಲ. ಮಗನಿಗೂ ಹೇಳಕೂಡದು ಎಂದಿದ್ದರು. ಮಗ ಗಲ್ಲಾದಲ್ಲಿ ಕೂರುವವನು, ಮಾತುಗಾರ, ಎಲ್ಲಾದರೂ ಬಾಯಿ ಬಿಟ್ಟರೆ ಬೀದಿಯೆಲ್ಲ ತಂತಮ್ಮ ಚುಕ್ಕಿ ಎಣಿಸಲು ಬರುತ್ತದೆ ಎಂದು ಅವರ ಹೆದರಿಕೆ. ಅವರು ತೀರಿಕೊಂಡ ಮೇಲೆ ಕತ್ತರಿ ಹಿಡಿಯಲು ಒಬ್ಬ ಮೇಸ್ತ್ರಿ ಬಂದ. ಹೊಸ ಗಿರಾಕಿಗಳ ಅಳತೆಯನ್ನು ಮಗ ಇದ್ದದ್ದು ಇದ್ದ ಹಾಗೆ ತೆಗೆದುಕೊಂಡ. ಹಳಬರದ್ದನ್ನು ಮಾತ್ರ ನಾನೇ ಸ್ಟೂಲಿನ ಮೇಲೆ ಕೂತು ಓದುತ್ತಿದ್ದೆ, ಚುಕ್ಕಿ ಕೂಡಿ, ಚುಕ್ಕಿ ಕಳೆದು. ಮೇಸ್ತ್ರಿ ಕಿವಿಗೆ ಬಿದ್ದಷ್ಟು ಕತ್ತರಿಸುತ್ತಿದ್ದ.

ಹೀಗಿರುವಾಗ ಮಗನ ತಲೆಗೆ ವೆಬ್‌ಸೈಟ್ ಹುಳ ಹೊಕ್ಕಿತು. ಗಿರಾಕಿ ಮನೆಯಲ್ಲಿ ಕೂತೇ ಬಟ್ಟೆ ಆರಿಸಿ, ‘ನನ್ನ ಹಳೆಯ ಅಳತೆ’ ಎಂದು ಒತ್ತಿದರೆ ಸಾಕು, ಚೀಟಿ ನೇರವಾಗಿ ಮೇಸ್ತ್ರಿಯ ಮೇಜಿನ ಮೇಲೆ ಬೀಳಬೇಕು. ಅದಕ್ಕೆ ಹದಿನಾಲ್ಕು ಪುಸ್ತಕವೂ ಕಂಪ್ಯೂಟರಿನ ಹೊಟ್ಟೆಗೆ ಹೋಗಬೇಕು. ಆ ಕೆಲಸಕ್ಕೆ ಬಂದವನೇ ಮಗಳ ಭಾವ. ಮಗನಿಗೂ ಭಾವನೇ. ಬಾಯಿ ತೆರೆದರೆ ಪುಕ್ಕಟೆ ಎನ್ನುತ್ತಾನೆಂದು ಮಗ ಆತನಿಗೆ ಪುಕ್ಕಟೆ ಭಾವ ಎಂದು ಹೆಸರಿಟ್ಟ. ಬೀಗರ ಕಡೆಯವನು ಎಂಬುದಕ್ಕೇ ನನಗೆ ಅರ್ಧ ಅನುಮಾನ. ಚೀಟಿ ನೇರವಾಗಿ ಮೇಸ್ತ್ರಿಗೆ ಹೋದರೆ ಓದುವವಳು ಯಾಕೆ ಬೇಕು, ಸ್ಟೂಲು ಯಾಕೆ ಬೇಕು ಎಂಬ ಲೆಕ್ಕ ಸೇರಿ ಅನುಮಾನ ಪೂರ್ತಿಯಾಯಿತು. ಇದನ್ನು ಆಗ ನನಗೆ ನಾನೇ ಒಪ್ಪಿಕೊಳ್ಳಲಿಲ್ಲ.

ಮಗಳಿಗೆ ಫೋನ್ ಮಾಡಿ ಆತನ ಪೂರ್ವಾಪರ ಕೆದಕಿದೆ. ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಅವರಪ್ಪ ಗಡಿಯಾರ ರಿಪೇರಿಯವರು. ಈತ ಹುಡುಗನಾಗಿದ್ದಾಗ ಗಡಿಯಾರ ಬಿಚ್ಚಿ ಒಂದೊಂದು ಹಲ್ಲುಚಕ್ರವನ್ನೂ ಕಾಗದದ ಮೇಲೆ ಇಟ್ಟು ಅದರ ಪಕ್ಕ ನಂಬರು ಬರೆಯುತ್ತಿದ್ದನಂತೆ. ಕೂಡಿಸಲು ಬಾರದೆ ಏಟು ತಿನ್ನುತ್ತಿದ್ದನಂತೆ. ಮದುವೆಯಿಲ್ಲ. ಒಂದು ಕಡೆ ಮಾತಾಗಿತ್ತು, ಹುಡುಗಿಯ ಮನೆಯವರು ಹಿಂದೆ ಸರಿದರು. ಕನ್ನಡಕದ ಗಾಜು ಮಾಡುವ ಕಾರ್ಖಾನೆಯ ಉಗ್ರಾಣದಲ್ಲಿ ಹತ್ತೊಂಬತ್ತು ವರ್ಷ ಕೆಲಸ. ಐದು ವರ್ಷದಿಂದ ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು.

“ಕಾರ್ಖಾನೆ ಕೆಲ್ಸ ಬಿಟ್ಟಿದ್ದೋ, ಬಿಡಿಸಿದ್ದೋ?” ಎಂದು ನಾನು ಕೇಳಿದೆ.

“ಕಾರ್ಖಾನೇನೇ ಮುಚ್ಚೋಯ್ತಲ್ಲಮ್ಮಾ.”

“ಮುಚ್ಚಿದ್ದು ಯಾರಿಂದ ಅಂತ ಯಾರಿಗ್ಗೊತ್ತು.”

“ನಿನಗೆ ಅನುಮಾನ ಇಲ್ದಿದ್ರೆ ತಿಂದಿದ್ದು ಅರಗಲ್ಲ ನೋಡು,” ಎಂದು ಮಗಳು ಫೋನಿಟ್ಟಳು.

ಕಾರ್ಖಾನೆಯ ಕಥೆಯನ್ನು ಆಮೇಲೆ ಆತನೇ ಒಂದು ಮಧ್ಯಾಹ್ನ ಹೇಳಿದ. ಸಾವಿರಾರು ಗಾಜಿನ ಅಚ್ಚುಗಳ ವಿವರವನ್ನು ಆತ ಮೊದಲು ಕಾರ್ಡಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಇಟ್ಟಿದ್ದನಂತೆ. ಆ ಡೇಟಾಬೇಸನ್ನು ದೊಡ್ಡ ಕಂಪನಿಯೊಂದು ವರ್ಷವರ್ಷದ ಒಪ್ಪಂದದ ಮೇಲೆ ಕೊಟ್ಟಿತ್ತು. ಒಪ್ಪಂದ ಮುಗಿದು ಮಾಲೀಕರು ಸಹಿ ಹಾಕುವುದು ತಡವಾದ ದಿನ ಬೆಳಿಗ್ಗೆ ಆತ ಕೂತು ನೋಡುತ್ತಾನೆ, ಡೇಟಾಬೇಸಿನ ಬಾಗಿಲು ಮುಚ್ಚಿದೆ. ತಾನೇ ಕೈಯಾರೆ ತುಂಬಿದ ಹತ್ತೊಂಬತ್ತು ವರ್ಷ ಒಳಗಿದೆ, ತಾನು ಹೊರಗಿದ್ದಾನೆ. ಕಪಾಟಿನಲ್ಲಿರುವ ಅಚ್ಚು ಯಾವುದೆಂದು ಹೇಳುವವರಿಲ್ಲದೆ ಒಂದು ವಾರ ಕಾರ್ಖಾನೆ ನಿಂತಿತು. ಅದಾದ ಮೇಲೆ ಆತ ಹುಡುಕಿದ್ದು ಯಾರೂ ಬೀಗ ಹಾಕಲಾರದ್ದನ್ನು. ನಮ್ಮ ಅಂಗಡಿಗೆ ಆತ ತಂದಿಟ್ಟ ಡೇಟಾಬೇಸು ಹಾಗಂತೆ. ಲೋಕದ ಎಲ್ಲೆಲ್ಲೋ ಕೂತವರು ಸೇರಿ ಬರೆದದ್ದು, ಬರೆದದ್ದನ್ನು ಮುಚ್ಚಿಡದೆ ತೆರೆದಿಟ್ಟದ್ದು, ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಆತನೂ ಒಂದು ಸಣ್ಣ ತಪ್ಪು ಹುಡುಕಿ ಕಳಿಸಿದ್ದನಂತೆ. ಮೂರು ತಿಂಗಳ ಮೇಲೆ ಅದನ್ನು ಒಪ್ಪಿಕೊಂಡರಂತೆ. ಸಾವಿರಾರು ಹೆಸರುಗಳ ಒಂದು ಪಟ್ಟಿ ತೆಗೆದು, ಬಹಳ ಕೆಳಗೆ ಹೋಗಿ, ತನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದ. ತೋರಿಸಿ ತಕ್ಷಣ ನಾಚಿಕೊಂಡು ಮುಚ್ಚಿದ.

ಅದರ ಒಳಗನ್ನೂ ಒಮ್ಮೆ ತೋರಿಸಿದ. ಪರದೆಯ ತುಂಬ ಇರುವೆ ಸಾಲಿನಂಥ ಅಕ್ಷರ. ನಮ್ಮ ಯಜಮಾನರು ಬೇರೆಯವರು ಹೊಲಿದ ಕೋಟು ಕೈಗೆ ಬಂದರೆ ಮೊದಲು ಒಳಗು ಹೊರಗು ಮಾಡಿ ನೋಡುತ್ತಿದ್ದರು. ಅಸ್ತರಿನ ಒಳಗೆ ಹೊಲಿಗೆ ನೇರವಿದ್ದರೆ ಮಾತ್ರ ಆ ದರ್ಜಿಗೆ ಮರ್ಯಾದೆ. ಅದು ನೆನಪಾಯಿತು. ಆದರೆ ನನ್ನ ಬುದ್ಧಿ ಓಡಿದ್ದು ಬೇರೆ ಕಡೆಗೆ. ಒಳಗನ್ನೆಲ್ಲ ಹೀಗೆ ಬಿಚ್ಚಿ ತೋರಿಸುವವನು ಬೇರೆ ಇನ್ನೇನನ್ನೋ ಮುಚ್ಚಿಟ್ಟಿರಬೇಕು ಎಂದುಕೊಂಡೆ.

ಮೂರು ತಿಂಗಳು ಪುಸ್ತಕಗಳು ಆತನ ಕೈಯಲ್ಲಿದ್ದವು. ನಾನು ಪಕ್ಕದಲ್ಲೇ ಗುಂಡಿ ಹಚ್ಚುವ ನೆಪದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತಿದ್ದೆ. ಕೆಲಸ ಮಾತ್ರ ಅಚ್ಚುಕಟ್ಟು. ಜನರದ್ದು ಒಂದು ಪಟ್ಟಿ, ಅಳತೆಗಳದ್ದು ಇನ್ನೊಂದು. ಒಬ್ಬ ಮನುಷ್ಯ ಒಬ್ಬನೇ, ಆದರೆ ಆತನ ಅಳತೆ ಇಪ್ಪತ್ತಕ್ಕೆ ಒಂದು, ನಲವತ್ತಕ್ಕೆ ಒಂದು. ಆದ್ದರಿಂದ ಪ್ರತಿಯೊಬ್ಬನಿಗೂ ಒಂದು ನಂಬರು ಕೊಟ್ಟು, ಅದೇ ನಂಬರನ್ನು ಅವನ ಅಳತೆಗಳ ಪಕ್ಕದಲ್ಲೂ ಬರೆದು ಎರಡು ಪಟ್ಟಿಯನ್ನೂ ಗಂಟು ಹಾಕುವುದು. ಪುಸ್ತಕದಲ್ಲಿ ನೀರು ಬಿದ್ದು ಅಳಿಸಿದ ಕಡೆ ಏನು ಹಾಕುತ್ತೀರಿ, ಸೊನ್ನೆಯೋ ಎಂದು ಮಗ ಕೇಳಿದ. ಸೊನ್ನೆಯೂ ಒಂದು ಅಂಕಿಯೇ, ಗೊತ್ತಿಲ್ಲದ್ದನ್ನು ಖಾಲಿ ಬಿಡಬೇಕು, ಊಹಿಸಿ ತುಂಬಬಾರದು ಎಂದ. ಮಗ ಅಷ್ಟರಲ್ಲಿ ಫೋನು ನೋಡುತ್ತಿದ್ದ. ಅವನಿಗೆ ಏನೇ ಹೇಳಿದರೂ ಅರ್ಧ ಕಿವಿ.

ಐದನೇ ಪುಸ್ತಕಕ್ಕೆ ಬಂದಾಗ ಆತ ನನ್ನ ಕಡೆ ತಿರುಗಿದ.

“ಅತ್ತೆ, ಈ ನಲವತ್ತೆರಡರ ಕೆಳಗೆ ನಾಲ್ಕು ಚುಕ್ಕಿ ಇವೆ. ಬೇರೆ ಕಡೆನೂ ನೋಡ್ದೆ. ಏನವು?”

ನನ್ನ ಕೈಯ ಸೂಜಿ ನಿಂತಿತು. “ನೊಣದ ಹಿಕ್ಕೆ,” ಎಂದೆ.

“ಸಾಲಾಗಿ ಕೂತ್ಕೊಂಡು ಹಾಕಿದ್ವಾ?”

“ನಮ್ಮಂಗಡಿ ನೊಣಗಳಿಗೆ ಶಿಸ್ತು ಜಾಸ್ತಿ.”

ಆತ ಕನ್ನಡಕವನ್ನು ಹಣೆಗೆ ಏರಿಸಿ ಪುಟವನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಆಮೇಲೆ ಏನೋ ಒತ್ತಿಕೊಂಡು ಮುಂದೆ ಹೋದ.

ಯಜಮಾನರ ಮಾತು ಉಳಿಸಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಒಳಗಿನ ನಿಜ ಬೇರೆ ಇತ್ತು. ಚುಕ್ಕಿಯಿಲ್ಲದ ಚೀಟಿಯಿಂದ ಹೊಲಿದ ಬಟ್ಟೆ ಯಾರ ಮೈಗೂ ಹಿಡಿಯುವುದಿಲ್ಲ. ಆಗ ಮತ್ತೆ ಪುಸ್ತಕ ಇಳಿಯುತ್ತದೆ, ಸ್ಟೂಲು ಬರುತ್ತದೆ, ಅಮ್ಮಾ ನೀನೇ ಓದು ಎನ್ನುತ್ತಾರೆ. ಅಷ್ಟೇ ನಾನು ಎಣಿಸಿದ್ದು. ಅದರಿಂದ ಇನ್ನೊಬ್ಬನ ಕುತ್ತಿಗೆಗೆ ಬರುತ್ತದೆಂದು ಎಣಿಸಲಿಲ್ಲ.

ಇದರ ನಡುವೆ ನನ್ನ ಕಣ್ಣಿಗೆ ಇನ್ನೊಂದು ಬಿತ್ತು. ದಿನಾ ಸಂಜೆ ಏಳುವ ಮೊದಲು ಆತ ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ವಸ್ತುವನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಹತ್ತು ನಿಮಿಷ ಕಾದು, ಕಿತ್ತು ಒಳಜೇಬಿಗೆ ಹಾಕಿಕೊಳ್ಳುತ್ತಿದ್ದ. ಜೇಬಿಗೆ ಹಾಕಿದ ಮೇಲೆ ಹೊರಗಿನಿಂದ ಒಮ್ಮೆ ತಟ್ಟಿ ನೋಡುತ್ತಿದ್ದ. ಕದ್ದವರು ಹಾಗೆ ತಟ್ಟಿ ನೋಡುತ್ತಾರೆ ಎಂದು ನನಗೆ ಅನಿಸಿತು. ಅದೇ ತಿಂಗಳು ಬೀದಿಯ ತಿರುವಿನಲ್ಲಿ ಇನ್ನೊಂದು ಹೊಲಿಗೆ ಅಂಗಡಿ ತೆರೆಯಿತು. ಅವರಿಗೂ ವೆಬ್‌ಸೈಟ್ ಇತ್ತು. ನಾನು ಮಗನನ್ನು ಹಿಂದಿನ ಕೋಣೆಗೆ ಕರೆದು, ಭಾವನ ಒಳಜೇಬಿನ ಮೇಲೆ ಒಂದು ಕಣ್ಣಿಡು ಎಂದೆ. ಹುಳ ಬಿಟ್ಟೆ. ಆಮೇಲೆ ಅದು ತನ್ನಷ್ಟಕ್ಕೆ ಕೊರೆಯಿತು.

ವೆಬ್‌ಸೈಟಿಗೆ ಬಂದ ಮೊದಲ ದೊಡ್ಡ ಕೆಲಸ ಅಗ್ನಿಶಾಮಕ ದಳದ ಬ್ಯಾಂಡಿನದು. ಇಪ್ಪತ್ತಾರು ಕೋಟು. ಎಲ್ಲರೂ ಯಜಮಾನರ ಕಾಲದಿಂದ ನಮ್ಮಲ್ಲೇ ಹೊಲಿಸಿದವರು, ಎಲ್ಲರೂ ‘ನನ್ನ ಹಳೆಯ ಅಳತೆ’ಯನ್ನೇ ಒತ್ತಿದರು. ಚೀಟಿ ಬಂತು, ಮೇಸ್ತ್ರಿ ಕತ್ತರಿಸಿದ, ನಾಲ್ಕು ಮಿಷನ್ನೂ ಎರಡು ವಾರ ಓಡಿದವು. ನಾನು ಗುಂಡಿ ಹಚ್ಚಿದೆ. ಒಂದೊಂದು ಗುಂಡಿ ಹಚ್ಚುವಾಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ದೊಡ್ಡ ಡೋಲಿನವನು ಕನ್ನಡಿಯ ಮುಂದೆ ಹಾಕಿ ನೋಡುವಾಗ ಕೋಲು ಬೀಸುವಂತೆ ಕೈ ಎತ್ತಿದ. ನಡುವಿನ ಗುಂಡಿ ಹಾರಿ ಕನ್ನಡಿಗೆ ಬಡಿಯಿತು. ಅವನ ಹಿಂದೆ ನಿಂತಿದ್ದ ಕೊಳಲಿನವನ ಕೋಟಿನಲ್ಲಿ ಇನ್ನೊಬ್ಬ ಕೊಳಲಿನವನಿಗೆ ಜಾಗವಿತ್ತು. ಹನ್ನೊಂದು ಕೋಟು ಬಿಗಿ, ಏಳು ದೊಗಳೆ. ಮಗ ಜನ ಊದಿರಬೇಕು ಎಂದ. ಮೇಸ್ತ್ರಿ ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ: “ಹನ್ನೊಂದು ಜನ ಊದಿ, ಏಳು ಜನ ಒಣಗಿ, ಎಲ್ಲಾ ಒಂದೇ ಸಲ ಗೊತ್ತು ಮಾಡ್ಕೊಂಡ್ರಾ?” ತಾಳದವನಂತೂ, ತಿರುವಿನ ಅಂಗಡಿಯಲ್ಲಿ ಮೊನ್ನೆ ಒಂದು ಕೋಟು ಹೊಲಿಸಿದೆ, ಅದು ಮೈಗೆ ಅಂಟಿದ ಹಾಗೆ ಕೂತಿದೆ ಎಂದುಬಿಟ್ಟ. ಅವರು ಹೊಸದಾಗಿ ಟೇಪು ಹಿಡಿದು ಅಳೆದಿದ್ದರು, ಕೂರದೆ ಏನು. ಆದರೆ ಮಗನ ಮುಖ ಗಂಟಾಯಿತು.

ಅವನು ಕಂಪ್ಯೂಟರು ನೋಡಿದ, ನಲವತ್ತೆರಡು. ಪುಸ್ತಕ ತೆರೆದ, ನಲವತ್ತೆರಡು. ಅದರಿಂದ ಅವನ ಅನುಮಾನ ಇಳಿಯಬೇಕಿತ್ತು, ಏರಿತು. ಪುಸ್ತಕ ಮೂರು ತಿಂಗಳು ಅವರ ಕೈಯಲ್ಲೇ ಇತ್ತಲ್ಲ, ಅಲ್ಲೂ ತಿದ್ದಿದ್ದಾರೆ ಎಂದ. ಪುಟವನ್ನು ನನ್ನ ಮುಂದೆ ಹಿಡಿದು, ಇದು ನಿನ್ನ ಅಕ್ಷರವೇನಾ ಎಂದು ಕೇಳಿದ. ನನ್ನದೇ. ಕೆಳಗೆ ನಾಲ್ಕು ಚುಕ್ಕಿ, ನಾನೇ ಇಟ್ಟದ್ದು. ಕಣ್ಣು ಮಂಜು, ಸರಿಯಾಗಿ ಕಾಣುವುದಿಲ್ಲ ಎಂದೆ. ಸೂಜಿಗೆ ಕನ್ನಡಕವಿಲ್ಲದೆ ದಾರ ಪೋಣಿಸುವವಳು ನಾನು.

ಗುರುವಾರ ಬೆಳಿಗ್ಗೆ ಮಗ ಆತನನ್ನು ಕತ್ತರಿ ಕೋಣೆಗೆ ಕರೆದ. ಮೇಸ್ತ್ರಿ ಇದ್ದ, ನಾನಿದ್ದೆ.

“ಭಾವ, ಒಳಜೇಬಲ್ಲಿರೋದನ್ನ ಮೇಜಿನ ಮೇಲಿಡಿ.”

ಆತ ಇಟ್ಟ. “ಇದು ಕಾಪಿ. ಅಂಗಡಿಗೆ ಏನಾದ್ರೂ ಆದ್ರೆ ಪಟ್ಟಿ ಇನ್ನೊಂದು ಮನೇಲಿ ಇರ್ಲಿ ಅಂತ. ಮೊದಲ್ನೇ ದಿನಾನೇ ಹೇಳಿದ್ದೆ.”

“ನನಗೆ ಹೇಳಿಲ್ಲ.”

“ಹೇಳಿದ್ದೆ. ನೀವು ಫೋನ್ ನೋಡ್ತಿದ್ರಿ.”

ಮಗ ಒಂದೊಂದಾಗಿ ಎಲ್ಲ ಸುರಿದ. ತಿರುವಿನ ಅಂಗಡಿಗೆ ನಮ್ಮ ಅಳತೆ ಹೋಗಿದೆ, ನಮ್ಮದನ್ನು ಕೆಡಿಸಿಟ್ಟಿದ್ದೀರಿ, ಪುಕ್ಕಟೆ ಎಂದರೆ ಇದೇ. ಆತ ತಾನು ಯಾವ ದಿನ ಯಾವ ಹೊತ್ತಿಗೆ ಏನು ಮುಟ್ಟಿದೆ ಎಂಬುದೆಲ್ಲ ಒಳಗೆ ದಾಖಲಾಗಿದೆ, ಯಾರನ್ನಾದರೂ ಕರೆಸಿ ನೋಡಿಸಿ ಎಂದ. ಅದನ್ನೂ ನೀವೇ ಬರೆದಿದ್ದಲ್ಲವೇ ಎಂದು ಮಗ ಕೇಳಿದ. ಚುಕ್ಕಿಯ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾದೆ. ಆತ ನನ್ನ ಕಡೆ ಒಮ್ಮೆ ನೋಡಿದ, ಎತ್ತಲಿಲ್ಲ.

ಕೊನೆಗೆ ಮಗ ಹೇಳಿದ್ದು ಇದು. ಶನಿವಾರ ಬೀದಿಯ ಅಂಗಡಿಯವರ ಸಂಘದ ಸಭೆ. ಬೀಗದ ಕೈಯವನಿಂದ ಬೇಕರಿಯವರೆಗೆ ಎಲ್ಲರ ಪಟ್ಟಿ ಮಾಡಿಕೊಡುವ ಕೆಲಸವನ್ನು ಅಲ್ಲಿ ಆತನಿಗೆ ಒಪ್ಪಿಸುವುದಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಆತನಿಗೆ ಸಿಗುತ್ತಿದ್ದ ಮೊದಲ ನೆಲೆ ಅದು. ಸಂಬಂಧ ಎಂದು ಪೊಲೀಸಿಗೆ ಹೋಗುವುದಿಲ್ಲ, ಆದರೆ ಸಂಘದಲ್ಲಿ ಎದ್ದು ನಿಂತು ಹೇಳದೆ ಬಿಡುವುದಿಲ್ಲ ಎಂದ. ಹೇಳಿದರೆ ಆ ಬೀದಿಯಲ್ಲಿ ಯಾರೂ ಆತನನ್ನು ಹತ್ತಿರ ಸೇರಿಸುವುದಿಲ್ಲ. ಕಳ್ಳನೆಂಬ ಹೆಸರು ಹೊತ್ತು ತಮ್ಮನ ಮುಂದಿನ ಕೋಣೆಯ ಮಂಚಕ್ಕೆ ಮರಳಬೇಕು. ಅದು ನನ್ನ ಮಗಳ ಮನೆ.

ಆತ ಸರಿ ಎಂದ. ಜಗಳವಿಲ್ಲ. ಟೀ ಲೋಟ ತೊಳೆದು ಮಗುಚಿಟ್ಟ, ಕುರ್ಚಿಗೆ ಹಾಕಿಕೊಂಡಿದ್ದ ಚಿಕ್ಕ ದಿಂಬನ್ನು ಚೀಲಕ್ಕೆ ತುಂಬಿದ. ಹೋಗುವ ಮೊದಲು ಒಂದು ನೋಟುಬುಕ್ಕನ್ನು ಕಂಪ್ಯೂಟರಿನ ಪಕ್ಕ ಇಟ್ಟು, “ಮುಂದೆ ಬರೋರಿಗೆ,” ಎಂದಷ್ಟೇ ಹೇಳಿದ. ಮಗ ಅದನ್ನು ಮುಟ್ಟಲಿಲ್ಲ.

ನಾನು ಮುಟ್ಟಿದೆ. ಕಳ್ಳತನದ ಗುರುತು ಸಿಕ್ಕರೆ ನನ್ನ ಎದೆಯ ಭಾರ ಇಳಿಯುತ್ತದೆಂದು ಮಧ್ಯಾಹ್ನ ಎಲ್ಲ ಊಟಕ್ಕೆ ಹೋದಾಗ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಕಂಪ್ಯೂಟರು ತೆರೆಯುವ ಬೀಗದ ಪದ ಯಾವುದು, ಕಾಪಿ ಹೇಗೆ ತೆಗೆಯಬೇಕು, ಕಾಪಿಯಿಂದ ಪಟ್ಟಿಯನ್ನು ಮತ್ತೆ ಹೇಗೆ ಎಬ್ಬಿಸಬೇಕು, ಎಲ್ಲ ಇತ್ತು. ತನ್ನನ್ನು ಹೊರಗೆ ಹಾಕಿದವರು ತನ್ನ ಹಂಗಿಲ್ಲದೆ ನಡೆಸಿಕೊಂಡು ಹೋಗಲಿ ಎಂಬಂತೆ ಬರೆದಿದ್ದ. ಕೊನೆಯ ಪುಟದಲ್ಲಿ ಹೀಗಿತ್ತು: “ಚುಕ್ಕಿಗಳು. ಕೆಲವು ಅಂಕಿಯ ಮೇಲೆ, ಕೆಲವು ಕೆಳಗೆ. ಅರ್ಥ ಗೊತ್ತಿಲ್ಲ. ಅತ್ತೆ ನೊಣದ ಹಿಕ್ಕೆ ಅಂದರು. ಇರಲಿಕ್ಕಿಲ್ಲ. ಮೇಲಿನದು, ಕೆಳಗಿನದು ಬೇರೆ ಬೇರೆ ಎಣಿಸಿ ಎರಡು ಕಾಲಂನಲ್ಲಿ ಇಟ್ಟಿದ್ದೇನೆ. ಅತ್ತೆ ತಾವಾಗಿಯೇ ಹೇಳುವ ತನಕ ಕೇಳಬೇಡಿ. ಅಳಿಸಬೇಡಿ.”

ನಾಲ್ಕು ಸಾವಿರ ಜನರ ಚುಕ್ಕಿಯನ್ನು ಅರ್ಥ ತಿಳಿಯದೆ ಎಣಿಸಿಟ್ಟಿದ್ದ. ನನ್ನ ಹತ್ತಿರ ಇದ್ದ ಅನುಮಾನವೆಲ್ಲ ಇದ್ದ ಜಾಗದಿಂದ ಎದ್ದು ನನ್ನ ಕಡೆಗೇ ತಿರುಗಿ ಕೂತ ಹಾಗಾಯಿತು.

ಮಗಳಿಗೆ ಫೋನ್ ಮಾಡಿ, ನಿನ್ನ ಭಾವನನ್ನು ನಾಳೆ ಹತ್ತು ಗಂಟೆಗೆ ಕಳಿಸು ಎಂದೆ. ಇನ್ನೇನು ಬಾಕಿ ಉಳಿದಿದೆ ಬೈಯಲಿಕ್ಕೆ ಎಂದು ಅವಳು ಕೇಳಿದಳು. ಬೈಸಿಕೊಳ್ಳುವುದು ಬಾಕಿಯಿದೆ ಎಂದೆ.

ಶುಕ್ರವಾರ ಆತ ಬಂದು ಬಾಗಿಲ ಹತ್ತಿರವೇ ನಿಂತ. ನಾನು ಐದನೇ ಪುಸ್ತಕ ಇಳಿಸಿ ಮೇಜಿನ ಮೇಲೆ ಬಿಡಿಸಿ, ಸ್ಟೂಲು ಎಳೆದುಕೊಂಡು ಕೂತು, ಯಜಮಾನರ ಟೇಪಿನ ತುದಿಯನ್ನು ಮೇಜಿಗೆ ನಾಲ್ಕು ಸಲ ತಟ್ಟಿದೆ. ಟೀಚರಮ್ಮನಿಂದ ಹಿಡಿದು ಅಂಚೆಯವನ ಔಷಧಿಯ ತನಕ ಎಲ್ಲ ಹೇಳಿದೆ. ನೊಣದ ಹಿಕ್ಕೆ ಎಂದದ್ದು ಯಜಮಾನರ ಮಾತಿಗಾಗಿ ಅಲ್ಲ, ಈ ಸ್ಟೂಲಿಗಾಗಿ ಎಂದೂ ಹೇಳಿದೆ. ಅದನ್ನು ಹೇಳುವುದೇ ಕಷ್ಟವಾಯಿತು.

ಮಗ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ. “ಇಷ್ಟು ವರ್ಷ ನನಗೆ ಒಂದ್ಮಾತು ಹೇಳ್ಲಿಲ್ವಲ್ಲಮ್ಮ. ಯಾರ್ಯಾರಿಗಿದೆ ಈ ಚುಕ್ಕಿ?”

“ನಿಂಗೂ ಇದೆ. ಸೊಂಟದ ಕೆಳಗೆ ಮೂರು.”

ಮೇಸ್ತ್ರಿ ನಗು ತಡೆಯಲಾಗದೆ ಹಿಂದಿನ ಕೋಣೆಗೆ ಹೋದ. ಮಗ ತಿಳಿಯದೆಯೇ ಹೊಟ್ಟೆ ಒಳಗೆಳೆದುಕೊಂಡ.

ನಾನು ಬಾಗಿಲ ಕಡೆ ತಿರುಗಿದೆ. “ಅದು ಹಿಕ್ಕೆ ಅಲ್ಲ ಅಂತ ನಿಮಗೆ ಗೊತ್ತಿತ್ತು. ನಿನ್ನೆ ಯಾಕೆ ಹೇಳ್ಲಿಲ್ಲ?”

“ಏನೋ ಇದೆ ಅಂತ ಗೊತ್ತಿತ್ತು, ಏನಂತ ಗೊತ್ತಿರಲಿಲ್ಲ ಅತ್ತೆ,” ಎಂದ ಆತ. “ಗೊತ್ತಿಲ್ಲದ್ದನ್ನ ನಾನು ಹೇಗೆ ತುಂಬ್ಲಿ. ಖಾಲಿ ಬಿಟ್ಟೆ.”

ಆಮೇಲೆ ಕೂತ. ನಾನು ಹೇಳಿದ ಲೆಕ್ಕವನ್ನು ಒಂದೇ ಸಾಲಾಗಿ ಬರೆದ: ಕೆಳಗಿನ ಒಂದೊಂದು ಚುಕ್ಕಿಗೆ ಅರ್ಧ ಇಂಚು ಕೂಡಿಸು, ಮೇಲಿನದಕ್ಕೆ ಅರ್ಧ ಇಂಚು ಕಳೆ. ಒತ್ತಿದ. ನಲವತ್ತು ವರ್ಷ ನಾನು ಬಾಯಿಯಲ್ಲಿ ಮಾಡಿದ ಕೆಲಸವನ್ನು ನಾಲ್ಕು ಸಾವಿರ ಜನರಿಗೂ ಸೇರಿಸಿ ಅದು ನಾನು ಉಗುಳು ನುಂಗುವಷ್ಟರಲ್ಲಿ ಮಾಡಿತು. ಆಯಿತೇ ಎಂದೆ. ಇನ್ನೂ ಇಲ್ಲ ಎಂದ. ಈಗ ಇದು ಕಚ್ಚಾ ಹೊಲಿಗೆಯ ಹಾಗೆ, ಸರಿಯಿಲ್ಲದಿದ್ದರೆ ಒಂದು ಮಾತಿಗೆ ಪೂರ್ತಿ ಬಿಚ್ಚಿಹೋಗಿ ಮೊದಲಿದ್ದ ಹಾಗೇ ಆಗುತ್ತದೆ, ನೀವು ನೋಡಿ ಹೂಂ ಎಂದ ಮೇಲೆ ಗಟ್ಟಿ ಮಾಡುತ್ತೇನೆ ಎಂದ.

ನಾನು ಹೂಂ ಎನ್ನಲಿಲ್ಲ. ಆತನ ಮೇಲೆ ಅನುಮಾನ ಹೋದರೂ ಆ ಯಂತ್ರದ ಮೇಲೆ ಇತ್ತಲ್ಲ. ಆತ ಪರದೆ ನೋಡಿ ಬ್ಯಾಂಡಿನವರನ್ನು ಒಬ್ಬೊಬ್ಬರಾಗಿ ಓದಿದ, ನಾನು ಪುಸ್ತಕ ನೋಡಿ ಬಾಯಲ್ಲೇ ಕೂಡಿ ಕಳೆದು ತಾಳೆ ಹಾಕಿದೆ. ಡೋಲು ನಲವತ್ತನಾಲ್ಕು. ಕೊಳಲು ಮೂವತ್ತೇಳು. ಇಪ್ಪತ್ತಾರೂ ಸರಿ ಬಂದವು. ಅದಕ್ಕೂ ಬಿಡದೆ ಬೇರೆ ಪುಸ್ತಕಗಳಿಂದ ನನಗೆ ತೋಚಿದ ಮೂವತ್ತು ಜನರನ್ನು ಕೇಳಿದೆ. ಬೇಕರಿಯಿಂದ ಬ್ರೆಡ್ಡು ಬಂತು, ಟೀ ಆರಿತು, ಆತ ಬೇಸರಪಡಲಿಲ್ಲ. ಹನ್ನೊಂದನೇ ಪುಸ್ತಕದಲ್ಲಿ ಒಂದು ತಪ್ಪು ಸಿಕ್ಕಿತು. ನೋಡಿದರೆ ಅದು ನಿಜವಾಗಿಯೂ ನೊಣದ ಹಿಕ್ಕೆ.

“ಹೂಂ ಅನ್ನು ಅಂತ ನೀನೇ ಹೇಳ್ಬೇಕು ನೋಡು,” ಎಂದೆ. ಅಷ್ಟು ಹೊತ್ತಿಗೆ ನನ್ನ ಬಾಯಿಂದ ನೀವು ಹೋಗಿ ನೀನು ಬಂದಿತ್ತು. ಆತ ಹೇಳಿದ. ನಾನು ಹೂಂ ಅಂದೆ. ಗಟ್ಟಿಯಾಯಿತು.

ಒಂದು ಮಾತು ಮಾತ್ರ ನಾನು ಗಟ್ಟಿಯಾಗಿ ಹಿಡಿದೆ. ಡೋಲಿನವನು ತನ್ನ ಮನೆಯಲ್ಲಿ ಕೂತು ನೋಡಿದರೆ ಅವನಿಗೆ ನಲವತ್ತನಾಲ್ಕು ಕಾಣಬಾರದು. ಆತ ಸ್ವಲ್ಪ ಯೋಚಿಸಿ ಒಂದೇ ಪಟ್ಟಿಗೆ ಎರಡು ಕಿಟಕಿ ಇಟ್ಟ. ಗಿರಾಕಿಯ ಕಿಟಕಿಯಲ್ಲಿ ಯಜಮಾನರು ಕೂಗಿದ ಅಂಕಿ, ಮೇಸ್ತ್ರಿಯ ಕಿಟಕಿಯಲ್ಲಿ ಚುಕ್ಕಿ ಕೂಡಿದ ಅಂಕಿ. ಇವತ್ತಿಗೂ ಹಾಗೇ ನಡೆದಿದೆ.

ಶನಿವಾರ ಸಂಘದ ಸಭೆಗೆ ನಾನೂ ಹೋದೆ. ಕೋಟು ಕೆಟ್ಟದ್ದು ನಮ್ಮ ಮನೆಯೊಳಗಿನ ತಪ್ಪಿನಿಂದ, ಭಾವನದಲ್ಲ ಎಂದು ಮಗ ಎದ್ದು ನಿಂತು ಹೇಳಿದ. ಯಾವ ತಪ್ಪು ಎಂದು ಬೀಗದ ಕೈಯವನು ಮೂಗು ತೂರಿಸಿದ. ಅವನಿಗೆ ಸೊಂಟದ ಕೆಳಗೆ ಎರಡು ಚುಕ್ಕಿ. ಮನೆಯ ವಿಷಯ ಎಂದು ನಾನು ಬಾಯಿ ಮುಚ್ಚಿಸಿದೆ. ಕೆಲಸ ಆತನಿಗೇ ಸಿಕ್ಕಿತು. ಈಗ ಆತ ಬೀದಿಯ ಹದಿನೇಳು ಅಂಗಡಿಯ ಪಟ್ಟಿ ನೋಡಿಕೊಳ್ಳುತ್ತಾನೆ, ಎಲ್ಲರಿಗೂ ಅದೇ ಮಾತು, ಇದು ಎಲ್ಲರದ್ದು, ಒಳಗೆ ಬೇಕಾದರೆ ನೋಡಿ. ಯಾರೂ ನೋಡುವುದಿಲ್ಲ. ಪ್ಯಾಂಟಿನ ಅಂಚನ್ನು ನಾನು ಬಿಚ್ಚಿ ಸರಿಯಾದ ದಾ​ರದಲ್ಲಿ ಹೊಲಿದುಕೊಟ್ಟಿದ್ದೇನೆ.

ದಿನಾ ಸಂಜೆಯ ಕಾಪಿ ಈಗ ಆತನ ಒಳಜೇಬಿಗೆ ಹೋಗುವುದಿಲ್ಲ, ನನ್ನ ಕೈಗೆ ಬರುತ್ತದೆ. ಮನೆಗೆ ಒಯ್ದು ಗುಂಡಿ ಡಬ್ಬಿಯಲ್ಲಿ ಹಾಕಿ ಮುಚ್ಚುತ್ತೇನೆ. ತಿಂಗಳಿಗೊಮ್ಮೆ ಅದನ್ನು ತಂದು, ಇದರಿಂದ ಪಟ್ಟಿ ನಿಜವಾಗಿಯೂ ಎದ್ದು ಬರುತ್ತದೋ ತೋರಿಸು ಎನ್ನುತ್ತೇನೆ. ಆತ ಎಬ್ಬಿಸಿ ತೋರಿಸುತ್ತಾನೆ. ನಾನು ಸ್ಟೂಲಿನ ಮೇಲೆ ಕೂತು, ಐದನೇ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಡೋಲಿನವನಿಂದ ಶುರುಮಾಡಿ ತಾಳೆ ನೋಡುತ್ತೇನೆ.